ಸಮುದ್ರ ಸೇರದ ಹೊಳೆಗೆ ಒಂದು ಮೊಳ ದಾರ

ಬೆಳಗಿನ ಐದು ಗಂಟೆ. ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನ ಮನೆಯೊಂದರ ಬೇಸ್‌ಮೆಂಟಿನಲ್ಲಿ ಬೇಬಿ ಪಿಂಟೊ ಅಟ್ಲಾಂಟಿಕ್ ಸಾಗರದಿಂದ ಒಂದು ನದಿಯನ್ನು ಕೀಳುತ್ತಿದ್ದಾರೆ. ಅಂಟು ಒಣಗಿ ಗಟ್ಟಿಯಾಗಿದೆ, ದಾರ ಸುಲಭಕ್ಕೆ ಬರುತ್ತಿಲ್ಲ. ಒಂಬತ್ತಕ್ಕೆ ಜೆರ್ಸಿ ಸಿಟಿಯ ಶಾಲೆಯಲ್ಲಿ ಕಣ್ಣು ಕಾಣದ ಮಕ್ಕಳ ಭೂಗೋಳದ ತರಗತಿ. ಅಷ್ಟರೊಳಗೆ ಈ ನಕ್ಷೆ ಸರಿಯಾಗಬೇಕು.

ಅರವತ್ತೊಂದರ ಬೇಬಿ ಬೆರಳಿನಿಂದ ಓದುವ ನಕ್ಷೆ ಮಾಡುತ್ತಾರೆ. ದಪ್ಪ ರಟ್ಟಿನ ಮೇಲೆ ನದಿಗೆ ದಾರ, ಗಡಿಗೆ ಚುಕ್ಕೆ, ಮರುಭೂಮಿಗೆ ಅಡುಗೆಮನೆಯ ರವೆ. ಚುಕ್ಕೆ ಹಾಕುವುದು ಟೈಲರ್‌ಗಳು ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರದಿಂದ. ಕರಾವಳಿಯ ತಮ್ಮೂರು ಮುಲ್ಕಿಯಲ್ಲಿ ರವಿಕೆ ಹೊಲಿಯುತ್ತಿದ್ದ ಕಾಲದ್ದು ಅದು. ಹೀಗೆ ಸಿದ್ಧವಾದ ಅಚ್ಚಿನ ಮೇಲೆ ಕಾಯಿಸಿದ ಪ್ಲಾಸ್ಟಿಕ್ ಹಾಳೆ ಒತ್ತಿದರೆ ಒಂದು ಪ್ರತಿ. ದಿನಕ್ಕೊಂದು ಅಚ್ಚು, ನಲವತ್ತು ಪ್ರತಿ. ಹದಿನೇಳು ವರ್ಷಗಳಿಂದ ಇದೇ ಕೆಲಸ. ಯಾವ ನಕ್ಷೆಯ ಮೂಲೆಯಲ್ಲೂ ಅವರ ಹೆಸರಿಲ್ಲ. ಬಿಸಿ ಹಾಳೆ ಹಿಡಿದು ಹಿಡಿದು ಬೆರಳ ತುದಿ ಜಡ್ಡುಗಟ್ಟಿದೆ.

"ನಾನು ಮಾಡಿದ್ದು ನನ್ನ ಬೆರಳಿಗೇ ಗೊತ್ತಾಗುದಿಲ್ಲ ಈಗ" ಎಂದು, ಅವರ ಕೆಲಸ ನೋಡಲು ಬಂದಿರುವ ನನಗೆ ಹೇಳಿ ನಗುತ್ತಾರೆ. "ಅದಕ್ಕೇ ಡೇನಿಯಲ್ ಸರ್ ಮುಟ್ಟಿ ನೋಡ್ಬೇಕು."

ಡೇನಿಯಲ್ ಆ ಶಾಲೆಯ ಮೇಷ್ಟ್ರು, ಅವರಿಗೂ ಕಣ್ಣು ಕಾಣದು. ಮೊದಲ ಪ್ರತಿ ಮುಟ್ಟಿ ನೋಡಿ ನಿನ್ನೆ ಸಂಜೆ ಫೋನ್ ಮಾಡಿದ್ದು ಅವರೇ: ಈ ನದಿ ಸಮುದ್ರಕ್ಕೆ ಹೋಗುವುದಿಲ್ಲ, ಬೇಬಿ.

ನದಿ ಒಕವಾಂಗೊ. ಅಂಗೋಲಾದ ಎತ್ತರದ ನಾಡಿನಲ್ಲಿ ಕುಬಾಂಗೊ ಎಂಬ ಹೆಸರಿನಲ್ಲಿ ಹುಟ್ಟಿ ದಕ್ಷಿಣಕ್ಕೆ ಇಳಿಯುತ್ತದೆ. ಆಮೇಲೆ ಪೂರ್ವಕ್ಕೆ ತಿರುಗಿ, ಕವಾಂಗೊ ಎನಿಸಿಕೊಂಡು, ನಮೀಬಿಯಾಕ್ಕೂ ಅಂಗೋಲಾಕ್ಕೂ ತಾನೇ ಗಡಿಯಾಗುತ್ತದೆ. ದಾರಿಯಲ್ಲಿ ಕುಯಿಟೊ ಎಂಬ ಉಪನದಿ ಬಂದು ಕೂಡುತ್ತದೆ. ನಮೀಬಿಯಾದ ಕಿರಿದಾದ ಪಟ್ಟಿಯೊಂದನ್ನು ದಾಟಿ ಬೋಟ್ಸ್ವಾನಾಕ್ಕೆ ಬಂದದ್ದೇ ಹತ್ತಾರು ಕವಲಾಗಿ ಕಲಹರಿಯ ಮರಳಿನಲ್ಲಿ ಹರಡಿಕೊಳ್ಳುತ್ತದೆ. ಅಂಗೋಲಾದ ಮಳೆನೀರು ತಿಂಗಳುಗಟ್ಟಲೆ ನಡೆದು ಅಲ್ಲಿಗೆ ಮುಟ್ಟುವ ಹೊತ್ತಿಗೆ ಮಳೆಯಿಲ್ಲದ ಒಣಗಾಲ. ಜಿಂಕೆ, ಆನೆ, ಜನ ಎಲ್ಲ ಅದಕ್ಕೇ ಕಾದಿರುತ್ತಾರೆ.

ಶಾಲೆಯವರು ಬೇಬಿಗೆ ಕೊಟ್ಟ ಮಾದರಿ ಚಿತ್ರದಲ್ಲೂ ಗೆರೆ ಮರಳಿನಲ್ಲೇ ನಿಂತಿತ್ತು. ಮುದ್ರಣ ಮಾಸಿದೆ ಎಂದುಕೊಂಡು ಅವರೇ ದಾರವನ್ನು ಪಶ್ಚಿಮದ ಕಡಲಿನವರೆಗೂ ಎಳೆದುಬಿಟ್ಟರು.

"ನಮ್ಮ ಮುಲ್ಕಿಯಲ್ಲಿ ಶಾಂಭವಿ, ನಂದಿನಿ ಎರಡೂ ಕಡಲಿಗೇ ಹೋಗುದು. ಹೊಳೆ ಅಂದ್ರೆ ಹಾಗೇ ಅಂತ ಗ್ರಹಿಸಿದೆ. ಕಣ್ಣಿದ್ದವರು ಇನ್ನೊಂದು ಮ್ಯಾಪ್ ನೋಡಿ ತಿದ್ದಿಕೊಳ್ತಾರೆ. ಈ ಮಕ್ಕಳಿಗೆ ನಾನು ಅಂಟಿಸಿದ್ದೇ ಭೂಮಿ ಅಲ್ವಾ?" ಅವರ ದನಿ ಸಣ್ಣಗಾಗುತ್ತದೆ. ಉಳಿದ ಪ್ರತಿಗಳೆಲ್ಲ ಕಸದ ಚೀಲದಲ್ಲಿವೆ.

ಕಿತ್ತದ್ದಾಯಿತು. ಆದರೆ ದಾರವನ್ನು ಥಟ್ಟನೆ ಕತ್ತರಿಸಿದರೆ ಮಕ್ಕಳು ಅದು ಕಿತ್ತುಹೋಗಿದೆ ಎಂದೇ ತಿಳಿದಾರು. ಬೇಬಿ ದಾರದ ತುದಿಯ ಹುರಿ ಬಿಚ್ಚಿ, ಎಳೆಗಳನ್ನು ಬೇರೆಬೇರೆ ಮಾಡಿ ಬೀಸಣಿಗೆಯ ಹಾಗೆ ಹರಡಿ ಅಂಟಿಸುತ್ತಾರೆ. ಸುತ್ತ ರವೆ ಉದುರಿಸುತ್ತಾರೆ.

ಅಚ್ಚು, ಹೊಸ ಹಾಳೆಗಳು, ಡ್ರೈವ್, ಟ್ರಾಫಿಕ್ ಎಲ್ಲ ಮುಗಿದು ಶಾಲೆ ಮುಟ್ಟುವಾಗ ಒಂಬತ್ತಕ್ಕೆ ಐದು ನಿಮಿಷ. ಡೇನಿಯಲ್ ಒಮ್ಮೆ ಬೆರಳಾಡಿಸಿ ಹಾಳೆಯನ್ನು ಮುಂದಿನ ಬೆಂಚಿನ ತಾನ್ಯಾಳತ್ತ ಸರಿಸುತ್ತಾರೆ. ಹದಿಮೂರರ ತಾನ್ಯಾ ತೋರುಬೆರಳಿನಿಂದ ಅಂಗೋಲಾ ಇಳಿಯುತ್ತಾಳೆ, ಗಡಿ ದಾಟುತ್ತಾಳೆ, ಮರಳಿನ ಹತ್ತಿರ ತಡೆಯುತ್ತಾಳೆ. ಒಂದು ಬೆರಳು ಸಾಲದೆ ಇಡೀ ಅಂಗೈಯನ್ನು ಬಿಡಿಸಿಡುತ್ತಾಳೆ.

"ಓ, ಇದು ಇಲ್ಲೇ ಉಳಿಯುತ್ತೆ" ಎಂದು ಇಂಗ್ಲಿಷಿನಲ್ಲಿ ಪಕ್ಕದವಳಿಗೆ ಹೇಳುತ್ತಾಳೆ.

ಬಾಗಿಲ ಬಳಿ ನಿಂತ ಬೇಬಿ ತಮ್ಮ ಜಡ್ಡುಗಟ್ಟಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ನಮ್ಮ ಶಾಂಭವಿದೊಂದು ಮ್ಯಾಪ್ ಮಾಡ್ಬೇಕು ಅಂತ ಉಂಟು. ಯಾರೂ ಆರ್ಡರ್ ಕೊಡುದಿಲ್ಲ, ಪಾಠದಲ್ಲಿ ಇಲ್ಲ ನೋಡಿ. ಒಂದೇ ಪ್ರತಿ ಸಾಕು, ಈ ಹುಡುಗಿಗೆ. ಅದನ್ನಾದ್ರೆ ನಾನು ಚಿತ್ರ ನೋಡದೇ ಮಾಡ್ತೇನೆ."