ಎದುರುಬದುರು ಕೂತು ಬರೆದ ಲೆಕ್ಕ

ಮೊನ್ನೆ ಪ್ರಿಂಟರಿನ ಹಾಳೆ ತರಲೆಂದು ರಾಯಚೂರಿನ ಹಳೇ ಪೇಟೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು ಏಣಿ ಹತ್ತಿ ಅಟ್ಟದಿಂದ ಡಬ್ಬಿ ಎಳೆದಾಗ ಅದರ ಜೊತೆ ಉದ್ದನೆಯ ಪುಸ್ತಕವೊಂದು ಜಾರಿ ಬಿತ್ತು. ಕೆಂಪು ಬಟ್ಟೆಯ ಹೊದಿಕೆ, ಬಿಳಿ ದಾರದ ಹೊಲಿಗೆ. ಹಿಂದೆ ವ್ಯಾಪಾರಿಗಳು ದೀಪಾವಳಿಗೆ ಪೂಜೆ ಮಾಡಿ ತೆರೆಯುತ್ತಿದ್ದ ಕಿರ್ದಿ ಪುಸ್ತಕ, ದಿನದ ಜಮಾ ಖರ್ಚು ಬರೆಯುವಂಥದ್ದು. "ಇವನ್ನ ಈಗ ಯಾರೂ ಒಯ್ಯಂಗಿಲ್ರಿ ಅಮ್ಮಾರ, ಇಲಿಗಂತ ಇಟ್ಟೀನಿ," ಎಂದು ನಕ್ಕ. ನಾನು ಎತ್ತಿಕೊಂಡು ಬಿಚ್ಚಿದೆ. ಮೈದಾ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಮುನೀಮ ಸಾಬರ ಮನೆಯ ಪಡಸಾಲೆ, ಚಾಪೆ, ತಾಮ್ರದ ಚೊಂಬು, ಅವರ ಕೆಮ್ಮು... ಎಲ್ಲ ಬಂದವು.

ಅವರು ನಮ್ಮ ಅಣ್ಣನ ಮನೆಯ ಎದುರಿಗಿದ್ದರು. ಹತ್ತಿ ಮಿಲ್ಲೊಂದರಲ್ಲಿ ವಯಸ್ಸೆಲ್ಲ ಸವೆಸಿದ ಮುನೀಮರು. ನಿಜಾಮರ ಕಾಲದಲ್ಲಿ ಕಲಿತ ಲೆಕ್ಕ, ಉರ್ದು ಬರಹ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮಿಲ್ಲು ಮುಚ್ಚಿತು, ಸಾಬರು ಮನೆಯಲ್ಲಿ ಕೂತರು. ಲೆಕ್ಕ ಬಲ್ಲವರಿಗೆ ಕೆಲಸಕ್ಕೇನು ಬರ ಎಂದು ಓಣಿಯವರು ಅಂದುಕೊಂಡಿದ್ದರು. ಆದರೆ ತೆರಿಗೆ ಆಫೀಸಿನವರು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದ ಪುಸ್ತಕವನ್ನೇ ಕೇಳುತ್ತಿದ್ದರು. ಅವರ ಚೆಂದದ ಉರ್ದು ಅಕ್ಷರ ಓದುವವರು ಅಲ್ಲಿ ಒಬ್ಬರೂ ಉಳಿದಿರಲಿಲ್ಲ.

ನಾನೂ ಆಗ ಮನೆಯಲ್ಲಿ ಕೂತವಳೇ. ಗಂಡನ ಮನೆ ಮಾನ್ವಿ. ಆ ಕತೆ ಇಲ್ಲಿ ಬೇಡ, ಹೇಳಿದರೆ ಅವರಿಗೂ ಮರ್ಯಾದೆಯಲ್ಲ ನನಗೂ ಅಲ್ಲ. ಎಳೇ ಮಗಳು ಪಾರಿಯನ್ನು ಎತ್ತಿಕೊಂಡು ಅಣ್ಣನ ಮನೆಗೆ ಬಂದಿದ್ದೆ. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಅಲ್ಲ. ಆದರೆ ಮಗಳು ಎರಡನೇ ಸಲ ಅನ್ನ ಕೇಳಿದಾಗ ಅತ್ತಿಗೆ ಬಡಿಸುವ ಮೊದಲು ಪಾತ್ರೆಯೊಳಗೆ ಒಮ್ಮೆ ಇಣುಕುತ್ತಿದ್ದಳಲ್ಲ, ಆ ಇಣುಕು ನೋಟ ನನಗೆ ಗಂಟಲಲ್ಲಿ ಸಿಕ್ಕ ಮುಳ್ಳು. ಒಂದು ಖೋಲಿ ಬಾಡಿಗೆ ಹಿಡಿಯಬೇಕು, ನನ್ನ ಒಲೆ ನಾನು ಹಚ್ಚಬೇಕು. ನನಗೆ ಬೇಕಿದ್ದುದು ಅಷ್ಟೇ.

ಒಂದು ದಿನ ಕಟ್ಟೆಯ ಮೇಲೆ ಕೂತು ಮಗಳಿಗೆ ತಿದ್ದಲು ಕನ್ನಡ ಅಕ್ಷರ ಬರೆದುಕೊಡುತ್ತಿದ್ದೆ. ಸಾಬರು ದಾಟಿಕೊಂಡು ಬಂದು ಪಾಟಿಯನ್ನು ಬಹಳ ಹೊತ್ತು ನೋಡಿದರು.

"ಬೇಟಿ, ನಂಗ ಕನ್ನಡ ಮಾತಾಡಾಕ ಬರ್ತದ, ಬರಿಯಾಕ ಬರಂಗಿಲ್ಲ. ನಿಂಗ ಬರಿಯಾಕ ಬರ್ತದ, ಲೆಕ್ಕ ಬರಂಗಿಲ್ಲ. ಇಬ್ಬರನ್ನೂ ಕೂಡಿಸಿದ್ರ ಒಬ್ಬ ಮುನೀಮ ಆಗ್ತಾನ ನೋಡು," ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ದೇವದುರ್ಗ, ಮಾನ್ವಿ, ಕವಿತಾಳದ ಸಣ್ಣ ಸಾಹುಕಾರರಿಗೆ ಪಗಾರ ಕೊಟ್ಟು ಮುನೀಮನನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲ, ಲೆಕ್ಕ ಮಾತ್ರ ಬೇಕು. ಅವರು ಚೀಟಿ ಕಳಿಸಿದರೆ ನಾವು ಮನೆಯಲ್ಲೇ ಬರೆದುಕೊಡೋಣ, ಬಂದದ್ದರಲ್ಲಿ ಅರ್ಧ ಅರ್ಧ ಎಂದು ಬಿಡಿಸಿ ಹೇಳಿದರು. ಅಣ್ಣನನ್ನು ಕೇಳಿದೆ. ಅವನದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಕೊನೆಗೆ, "ಮಾಡು. ಖರೇ, ಯಾರರ ಮನಿ ಬಾಗಿಲಿಗಿ ಬಂದು ಒಂದು ಮಾತು ಅಂದ್ರ, ಅವತ್ತಿಗೆ ಬಂದ್," ಎಂದ.

ಹಾಗೆ ನಮ್ಮ ಕಾರಭಾರ ಶುರುವಾಯಿತು. ಬೋರ್ಡಿಲ್ಲ, ಮೇಜಿಲ್ಲ. ಸಾಬರ ಪಡಸಾಲೆಯೇ ಆಫೀಸು. ಚೀಟಿಗಳು ಚೀಲದಲ್ಲಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬರುತ್ತಿದ್ದವು, ಬರೆದ ಪುಸ್ತಕವೂ ಅವನ ಕೈಯಲ್ಲೇ ಹೋಗುತ್ತಿತ್ತು. ಆ ಸಾಹುಕಾರರೆಲ್ಲ ಉರ್ದು ಶಾಲೆಯಲ್ಲಿ ಓದಿದ ಹಳೆಯ ಜನ, ಚೀಟಿಯೂ ಉರ್ದುವಿನಲ್ಲೇ. ಸಾಬರು ಓದಬೇಕು, ನಾನು ಕನ್ನಡದಲ್ಲಿ ಬರೆಯಬೇಕು. ಒಳಗೆ ಅಕ್ಕಿ ಆರಿಸುತ್ತ ಕೂತ ಸಾಬರ ಹೆಂಡತಿ, ನಮ್ಮೆಲ್ಲರ ಚಾಚಿ, ನಡುನಡುವೆ ಚಹಾ ಕೊಡುವರು. ಅವರ ಮನೆಯ ಚಹಾ ನಾನು ಕುಡಿಯುತ್ತೇನೆ ಎಂಬುದು ಓಣಿಗೆ ಒಂದು ವಾರದ ಸುದ್ದಿಯಾಯಿತು, ಆಮೇಲೆ ಅದೂ ಹಳಸಿತು.

ಅವರ ಪದ್ಧತಿ ಮಿಲ್ಲಿನ ಕಾಲದ್ದು. ಮೊದಲು ಚೀಟಿಗಳನ್ನು ಎರಡು ಗುಡ್ಡೆ ಮಾಡುವರು. ಜಮಾ, ಅಂದರೆ ಬಂದದ್ದು, ತಮ್ಮ ಬಲಕ್ಕೆ. ಖರ್ಚು ತಮ್ಮ ಎಡಕ್ಕೆ. ಉರ್ದು ಪುಸ್ತಕ ಬಲದಿಂದ ತೆರೆಯುವುದಲ್ಲವೇ, ಹಾಗಾಗಿ ಅವರಿಗೆ ಜಮಾ ಯಾವತ್ತೂ ಬಲಗಡೆಯೇ. ಕನ್ನಡ ಪುಸ್ತಕದಲ್ಲಿ ಅದು ಎಡಗಡೆ. ಆದರೆ ನಾವು ಎದುರುಬದುರು ಕೂರುತ್ತಿದ್ದೆವು, ಅವರ ಬಲ ನನಗೆ ಎಡ. ಅವರು ಜಮಾ, ಖರ್ಚು ಎಂದು ಬಾಯಿಬಿಟ್ಟು ಹೇಳುತ್ತಲೇ ಇರಲಿಲ್ಲ, ಊರು, ಹೆಸರು, ರಕಮು ಅಷ್ಟೇ. ಅವರ ಕೈ ಯಾವ ಗುಡ್ಡೆಗೆ ಹೋಗುತ್ತದೋ ಅದರ ಎದುರಿಗಿರುವ ಪುಟದಲ್ಲಿ ನನ್ನ ಪೆನ್ನು ಓಡುತ್ತಿತ್ತು. ಹೀಗೆ ತಿಂಗಳುಗಟ್ಟಲೆ ಒಂದೂ ತಪ್ಪಿಲ್ಲದೆ ನಡೆಯಿತು. ಯಾಕೆ ನಡೆಯುತ್ತಿದೆ ಎಂದು ಇಬ್ಬರೂ ಯೋಚಿಸಿರಲಿಲ್ಲ.

ರಾಯಚೂರಿನಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎನ್ನುತ್ತಾರೆ. ಆ ವರ್ಷ ಕಡುಬೇಸಿಗೆಯಲ್ಲಿ ಬಿಸಿಲು ಪಡಸಾಲೆಯ ಒಳತನಕ ಬಂದು ನಾನು ಕೂರುವ ಜಾಗವನ್ನೇ ಹಿಡಿಯಿತು. "ಈ ಕಡಿ ನೆರಳಿಗೆ ಬಾ, ಬೇಟಿ," ಎಂದರು ಸಾಬರು. ಚಾಪೆ ಎಳೆದುಕೊಂಡು ಗೋಡೆಗೆ ಒರಗಿ ಅವರ ಪಕ್ಕದಲ್ಲಿ ಕೂತೆ. ದೇವದುರ್ಗದ ಶೇಂಗಾ ಸಾಹುಕಾರರ ಒಂದಿಡೀ ತಿಂಗಳ ಲೆಕ್ಕ ಅವತ್ತು ಬರೆದದ್ದು. ಅವರ ಕೈ ಬಲಕ್ಕೆ ಹೋದರೆ ನನ್ನ ಕೈಯೂ ಬಲಕ್ಕೆ ಹೋಯಿತು. ಕೂಡಿಸಿದೆವು, ಕಟ್ಟಿದೆವು, ಬಸ್ಸಿಗೆ ಹಾಕಿದೆವು.

ಮರುದಿನವೇ ಶೇಂಗಾ ಸಾಹುಕಾರರು ಪುಸ್ತಕ ಬಗಲಲ್ಲಿಟ್ಟುಕೊಂಡು ನಮ್ಮ ಓಣಿಗೆ ಬಂದರು. ಸಾಬರ ಕಟ್ಟೆಯ ಮೇಲೆ ಅದನ್ನು ಕುಕ್ಕಿದರು.

"ನಾ ಗಳಿಸಿದ್ದೆಲ್ಲಾ ಖರ್ಚಾಗೇದ, ಖರ್ಚ್ ಮಾಡಿದ್ದೆಲ್ಲಾ ಗಳಿಕಿ ಆಗೇದ. ಇದನ್ನ ತೆರಿಗಿ ಆಫೀಸಿಗಿ ಒಯ್ದಿದ್ರ ನನ್ನ ಗತಿ ಏನ್ರಿ? ಹೆಣ್ಣುಮಗಳ ಕೈಯಾಗ ಲೆಕ್ಕ ಕೊಟ್ಟದ್ದ ನನ್ನ ತಪ್ಪು."

ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ನಮ್ಮ ಮನೆಯ ಬಾಗಿಲಲ್ಲಿ ಅಣ್ಣ ನಿಂತಿದ್ದ. ಒಂದು ಮಾತಲ್ಲ, ಹತ್ತು ಮಾತು ಬಂದಿದ್ದವು. ನನ್ನ ಖೋಲಿ, ನನ್ನ ಒಲೆ, ಎಲ್ಲ ಅಲ್ಲಿಗೇ ಮುಗಿಯಿತೆಂದುಕೊಂಡೆ.

ಸಾಬರು ಪುಟ ತಿರುವಿದರು. ಕನ್ನಡ ಹೆಸರು ಓದಲು ಬರದಿದ್ದರೂ ಅಂಕಿ ಗೊತ್ತಿತ್ತಲ್ಲ. ಕೊನೆಯ ಪುಟದವರೆಗೂ ನೋಡಿ ತಲೆ ಎತ್ತಿ ನನ್ನನ್ನು ಕೇಳಿದರು, "ಬೇಟಿ, ಇದನ್ನ ಬರಿಯಾಗ ನೀ ಎಲ್ಲಿ ಕುಂತಿದ್ದಿ?"

ನಾನು ಗೋಡೆಯ ಕಡೆ ಕೈ ತೋರಿಸಿದೆ. ಆಗ ನನಗೂ ಹೊಳೆಯಿತು, ಪಕ್ಕದಲ್ಲಿ ಕೂತರೆ ಅವರ ಬಲ ನನಗೂ ಬಲವೇ.

"ಕುಂತ ಜಾಗಾದ ಮ್ಯಾಲ ಲೆಕ್ಕ ಬದಲಾಗ್ತದೇನ್ರಿ ಸಾಬ್ರ?" ಎಂದು ಸಾಹುಕಾರರು ಸಿಡುಕಿದರು.

"ಆಗ್ತದ್ರಿ. ನೀವು ನನ್ನ ಎದುರಿಗಿ ಕುಂದ್ರಿ, ನಿಮ್ಮ ಬಲಗೈ ಎತ್ರಿ," ಎಂದು ಸಾಬರು ತಮ್ಮ ಬಲಗೈಯನ್ನೂ ಎತ್ತಿದರು. ಸಾಹುಕಾರರು ಕೈ ಎತ್ತಿದವರು ಎರಡು ಕೈಗಳನ್ನೂ ನೋಡಿದರು. ಸಿಟ್ಟು ಅರ್ಧ ಇಳಿಯಿತು, ಆದರೂ ಮುಖ ಸಡಿಲಾಗಲಿಲ್ಲ. ಸಾಬರೇ ಮುಂದುವರಿಸಿದರು, "ಪದ್ಧತಿ ನಂದು, ತಪ್ಪೂ ನಂದು. ನಾಳಿ ನಿಮ್ಮ ಅಂಗಡಿಗೇ ಬರ್ತೀವಿ. ನಿಮ್ಮ ಕಣ್ಣ ಮುಂದ ಇಬ್ಬರೂ ಕುಂತು ಬರಕೊಡ್ತೀವಿ."

ಇಬ್ಬರೂ! ದೇವದುರ್ಗದ ಪೇಟೆಯಲ್ಲಿ, ಅಂಗಡಿಯ ಗಾದಿಯ ಮೇಲೆ, ನಾನು? ಅಣ್ಣ ಒಳಗೆ ಹೋದ. ಹಿಂದೆಯೇ ಹೋಗಿ, "ನಾಳಿ ದೇವದುರ್ಗಕ್ಕ ಹೊಂಟೀನಿ," ಎಂದೆ. ಹೋಗಲಾ ಎಂದು ಕೇಳಲಿಲ್ಲ. ಆ ಮನೆಗೆ ಬಂದ ಮೇಲೆ ಕೇಳದೆ ಹೇಳಿದ ಮೊದಲ ಮಾತು ಅದು. ಅವನು ಅಂಗಿ ಗೂಟಕ್ಕೆ ಹಾಕಿದ, ಬಂದ್ ಎನ್ನಲಿಲ್ಲ. "ಪಾರಿನ್ನ ನಾ ನೋಡ್ಕೋತೀನಿ," ಎಂದವಳು ಅತ್ತಿಗೆ, ಪಾತ್ರೆಯಲ್ಲಿ ಇಣುಕುತ್ತಿದ್ದ ಅದೇ ಅತ್ತಿಗೆ. ಮನುಷ್ಯರನ್ನು ಒಂದೇ ಪುಟದಲ್ಲಿ ಬರೆದು ಮುಗಿಸಲಾಗದು.

ಗಬ್ಬೂರಿನ ಮೇಲಿಂದ ಹೋಗುವ ಬಸ್ಸು. ದಾರಿಯುದ್ದಕ್ಕೂ ಸಾಬರು ಮುಂದಿನ ಸೀಟಿನಲ್ಲಿ ಕೂತು ತಿರುಗಿ ನೋಡಲೇ ಇಲ್ಲ, ನಾನು ಹೆದರಿದ್ದು ಅವರಿಗೆ ಗೊತ್ತಿತ್ತು, ನೋಡಿದರೆ ಇನ್ನಷ್ಟು ಹೆದರುವೆನೆಂದೂ. ಅಂಗಡಿಯಲ್ಲಿ ಶೇಂಗಾ ಚೀಲಗಳ ನಡುವೆ ಗಾದಿ ಹಾಸಿತ್ತು. ಗಿರಾಕಿಗಳು, ಹಮಾಲರು ಎಲ್ಲ ನೋಡುತ್ತಿದ್ದಂತೆ ನಾವು ಎದುರುಬದುರು ಕೂತು ಸಂಜೆಯವರೆಗೂ ಬರೆದೆವು. ಮೊದಮೊದಲು ನನ್ನ ಅಕ್ಷರ ನಡುಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಯಾರು ನೋಡುತ್ತಿದ್ದಾರೆ ಎಂಬುದೇ ಮರೆತಿತ್ತು. ಸಾಹುಕಾರರ ತಾಯಿ ಒಳಗಿಂದ ಮಜ್ಜಿಗೆ ತಂದುಕೊಟ್ಟು ನನ್ನ ಪುಟ ನೋಡಿ, "ಯವ್ವಾ, ರಂಗೋಲಿ ಹಾಕಿದಂಗ ಬರಿತಿಯಲ್ಲ," ಎಂದರು.

ಸಾಹುಕಾರರು ಪುಸ್ತಕ ನಮ್ಮಲ್ಲೇ ಬಿಟ್ಟರು. ಆದರೆ ಬಸ್ಸು ಹತ್ತಿಸಲು ಬಂದಾಗ ಒಂದು ಮಾತು ಸೇರಿಸಿದರು, "ನೀವು ಲೆಕ್ಕದ ಮ್ಯಾಲ ಕಣ್ಣಾಡಿಸೋತನಕಾ ನಂದೇನೂ ತಕರಾರಿಲ್ರಿ ಸಾಬ್ರ. ಅಕಿನ್ನ ಒಬ್ಬಾಕಿನ್ನ ನಂಬಿ ಮಾತ್ರ ಕೊಡಂಗಿಲ್ಲ." ಎದುರಿಗೇ ಅಂದರು. ನನಗೆ ಸಿಟ್ಟು ಬರಲಿಲ್ಲ, ಯಾಕೆಂದರೆ ನನ್ನನ್ನು ನಾನೂ ನಂಬಿರಲಿಲ್ಲ.

ಮರುದಿನದಿಂದ ಸಾಬರು ಪದ್ಧತಿ ಬದಲಿಸಿದರು. "ನನ್ನ ಕೈ ನೋಡಬ್ಯಾಡ. ಚೀಟಿ ನೀನ ಓದು," ಎಂದು ನನಗೆ ಉರ್ದು ಅಕ್ಷರ ಕಲಿಸಲು ಕೂತರು. ನನ್ನ ಮಗಳು ಕನ್ನಡ ತಿದ್ದುವಾಗ ನಾನು ಪಕ್ಕದಲ್ಲಿ ಅಲಿಫ್ ಬೇ ತಿದ್ದುತ್ತಿದ್ದೆ. ಬರಬರುತ್ತ ಚೀಟಿ ಓದುವುದೂ ನಾನೇ, ಬರೆಯುವುದೂ ನಾನೇ ಆಯಿತು. ಕವಿತಾಳದಿಂದ ಹೊಸ ಗಿರಾಕಿಗಳು ಬಂದರು. ಮಾನ್ವಿಯವರೂ ಬಂದರು, ಅವರಲ್ಲಿ ಒಬ್ಬರ ಅಂಗಡಿ ನನ್ನ ಅತ್ತೆಯ ಓಣಿಯಲ್ಲೇ ಇತ್ತು. ಅಲ್ಲಿಗೆ ಲೆಕ್ಕದ ಚೀಲ ಹಿಡಿದು ಹೋದ ದಿನ ಬೇಕೆಂದೇ ನಿಧಾನಕ್ಕೆ ನಡೆದೆ, ಸುಳ್ಳು ಯಾಕೆ ಹೇಳಲಿ. ಎಂಬತ್ತರ ದಶಕ ಶುರುವಾದ ಮೇಲೆ ಸಾಬರ ಮನೆಯ ಸಾಲಿನಲ್ಲೇ ಒಂದು ಖೋಲಿ ಹಿಡಿದೆ. ಲೆಕ್ಕದ ಪುಸ್ತಕಗಳೂ ನನ್ನ ಖೋಲಿಗೇ ಬಂದವು.

ಸಾಬರು ದಿನಾ ಮಧ್ಯಾಹ್ನದ ನಮಾಜು ಮುಗಿಸಿ ಬಂದು ಕೂರುತ್ತಿದ್ದರು. ನಾನು ಬರೆದದ್ದನ್ನು ಮುಂದಿಡಬೇಕು. ಅವರು ಒಂದೊಂದೇ ಪುಟ ತಿರುವಿ, ಅಂಕಿಗಳ ಸಾಲಿನ ಮೇಲೆ ಬೆರಳಾಡಿಸಿ, ನಡುವೆ ಒಂದೆರಡು ಪ್ರಶ್ನೆ ಕೇಳುವರು, "ಕವಿತಾಳದವ್ರ ಹಳೀ ಬಾಕಿ ಬಂತೇನು?" ಕಡೆಗೆ ಪುಸ್ತಕ ಮುಚ್ಚಿ, "ಬರೋಬರ್ ಅದ," ಎನ್ನುವರು. ಆ ಒಂದು ಮಾತಿಗೆ ನಾನು ಕಾಯುತ್ತಿದ್ದೆ. ಅದು ಬಂದರೆ ಊಟ ರುಚಿಸುತ್ತಿತ್ತು. ಸಾಹುಕಾರರೆಲ್ಲ ನಂಬಿದ್ದು ಆ ಮಾತನ್ನೇ, ನಾನೂ ಅದನ್ನೇ. ಆಮೇಲಾಮೇಲೆ ಅವರು ಗೋಡೆ ಹಿಡಿದು ಬರತೊಡಗಿದರು. ಯಾಕೆಂದು ಕೇಳಿದರೆ ಮೊಣಕಾಲು ನೋವು ಎಂದರು. ವಯಸ್ಸಾಯಿತಲ್ಲ ಅಂದುಕೊಂಡೆ.

ಒಂದು ಚಳಿಗಾಲ, ನಾಲ್ಕು ದಿನದ ಜ್ವರದಲ್ಲಿ ಸಾಬರು ಹೋಗಿಬಿಟ್ಟರು.

ಮಾತಾಡಿಸಿ ಹೋಗಲು ಶೇಂಗಾ ಸಾಹುಕಾರರು ದೇವದುರ್ಗದಿಂದ ಬಂದರು. ಪಡಸಾಲೆಯಲ್ಲಿ ಕೂತು, ಆಮೇಲೆ ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಕಹಿ ಇರಲಿಲ್ಲ, ಸಂಕಟವಿತ್ತು. "ತಪ್ಪು ತಿಳೀಬ್ಯಾಡವ್ವಾ. ಇನ್ನ ಲೆಕ್ಕ ನೋಡಾವ್ರು ಯಾರು? ನನ್ನ ಪುಸ್ತಕ ಕೊಟ್ಟುಬಿಡು."

ಅವರದು ಹೋದರೆ ಉಳಿದವರದೂ ಹೋಗುತ್ತದೆ. ಪುಸ್ತಕ ತರಲು ಎದ್ದೆ.

ಪರದೆಯ ಆಚೆಯಿಂದ ಚಾಚಿ ಮಾತಾಡಿದರು. ಹೊರಗಿನ ಗಂಡಸರ ಎದುರು ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ.

"ಅವ್ರು ಎಲ್ಲಿ ನೋಡ್ತಿದ್ರು ಸಾಹುಕಾರ್ ಸಾಬ್? ಹೋದ ವರ್ಷದ ದಿವಾಳಿಗಿಂತ ಮೊದ್ಲೇ ಅವ್ರ ಕಣ್ಣು ಹೋಗಿದ್ವು. ಆಪರೇಷನ್ ಮಾಡಿದ್ರೂ ಬರಂಗಿಲ್ಲ ಅಂದಿದ್ರು ಡಾಕ್ಟರು. ಬೇಟಿಗಿ ಹೇಳಬ್ಯಾಡ ಅಂತ ನನ್ನ ಬಾಯಿ ಕಟ್ಟಿದ್ರು. ಗೊತ್ತಾದ್ರ ಹೆದರ್ತಾಳ, ಕೈ ನಡಗ್ತದ, ಹೆದರಿ ಬಿಟ್ಟುಬಿಡ್ತಾಳ ಅಂದ್ರು. ಈ ಒಂದೂವರಿ ವರ್ಷದ್ದೆಲ್ಲಾ ಅಕಿ ಒಬ್ಬಾಕೀನೇ ಬರ್ದಿದ್ದು. ಯಾರೂ ನೋಡಿಲ್ಲ."

ಸಾಹುಕಾರರು ತಲೆ ತಗ್ಗಿಸಿ ಕೂತರು. ಆ ಒಂದೂವರೆ ವರ್ಷದಲ್ಲಿ ಅವರ ಲೆಕ್ಕದಲ್ಲಿ ಒಂದು ಪೈಸೆಯೂ ಅತ್ತಿತ್ತ ಆಗಿರಲಿಲ್ಲ, ತೆರಿಗೆಯವರೂ ನೋಡಿ ಮುದ್ರೆ ಒತ್ತಿದ್ದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು, "ಈ ತಿಂಗಳ ಚೀಟಿ ಸೋಮವಾರದ ಬಸ್ಸಿಗಿ ಕಳಸ್ತೀನಿ," ಎಂದು ಹೊರಟುಹೋದರು. ನಾನು ಅಲ್ಲೇ ಕೂತು ಅತ್ತೆ. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಈಗ ಚಾಚಿಯೂ ಇಲ್ಲ. ಅವರ ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಮಗಳು ಈಗ ನನ್ನ ಜೊತೆಗೇ ಕೆಲಸ ಮಾಡುತ್ತಾಳೆ, ಮನೆಯ ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇವೆ. ಕೂಡಿಸುವುದು, ತಾಳೆ ನೋಡುವುದು ಎಲ್ಲ ಅದೇ ಮಾಡಿಕೊಳ್ಳುತ್ತದೆ, ತಪ್ಪಿದ್ದರೆ ಕೆಂಪಗೆ ತೋರಿಸುತ್ತದೆ. ತಪ್ಪಿಲ್ಲದಿದ್ದರೆ ಏನೂ ಹೇಳುವುದಿಲ್ಲ. ವರ್ಷದ ಲೆಕ್ಕ ಮುಗಿದ ದಿನ ಮಗಳು ಎದ್ದು ಒಳಗೆ ಹೋದ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲೇ ಕೂತಿರುತ್ತೇನೆ. ಬರೋಬರ್ ಅದ ಎಂದು ಯಾರಾದರೂ ಅನ್ನಬೇಕು ಅನಿಸುತ್ತದೆ. ಸಾಬರು ಕೊನೆಕೊನೆಗೆ ಅದನ್ನು ಏನೂ ಕಾಣದೆಯೇ ಅಂದದ್ದು, ಅದು ನನಗೆ ಗೊತ್ತು. ಗೊತ್ತಿದ್ದರೂ ಆ ಮಾತು ಅವರ ಬಾಯಿಂದಲೇ ಬೇಕು.