ಸಂಶೋಧನಾ ಲೇಖನದಲ್ಲಿ ಜೀಪ್ ಭೀಮೇಶ್

ನರ ಮತ್ತು ಸ್ನಾಯು ರೋಗಗಳ ಬಗ್ಗೆ ಡಾಕ್ಟರ್ ಅಮೃತಾ ಬರೆದ ನಲವತ್ತೊಂದು ಸಂಶೋಧನಾ ಲೇಖನಗಳು ಅಚ್ಚಾಗಿವೆ. ಅವುಗಳಲ್ಲಿ ಒಂದರಲ್ಲಿ ಮಾತ್ರ, ಏಳು ಜನ ಲೇಖಕರ ನಡುವೆ, ಡಿಗ್ರಿ ಇಲ್ಲದ ಒಂದು ಹೆಸರಿದೆ: ಭೀಮೇಶ್, ಕಲ್ಯಾಣದುರ್ಗ. ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಫೇಲಾಗಿ ಸ್ಟೀರಿಂಗ್ ಹಿಡಿದವನು ಈ ಭೀಮೇಶ್. ಇಪ್ಪತ್ತೆರಡು ವರ್ಷಗಳಿಂದ ಸುತ್ತಲ ಹಳ್ಳಿಗಳಿಗೆ ಸರ್ವೀಸ್ ಜೀಪು ಓಡಿಸುತ್ತಿದ್ದಾನೆ.

ಆ ಜೀಪಿನಲ್ಲಿ ದಿನವೂ ಓಡಾಡುತ್ತಿದ್ದವಳು ಶ್ರೀವಾಣಿ. ಇಪ್ಪತ್ಮೂರು ವರ್ಷದವಳು, ಕಲ್ಯಾಣದುರ್ಗದ ಟೈಲರ್ ಅಂಗಡಿಯೊಂದರಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಬೆಳಿಗ್ಗೆ ಕಂಬಿ ಹಿಡಿದು ತಾನೇ ಹತ್ತುವಳು. ಸಂಜೆಯ ಹೊತ್ತಿಗೆ ಕಾಲೇ ಮೇಲೇಳುತ್ತಿರಲಿಲ್ಲ. ಯಾರಾದರೂ ಕೈಕೊಟ್ಟು ಎಳೆದುಕೊಳ್ಳಬೇಕು. ಅವಳಿಗೆ ಹದಿನೇಳಾಗಿದ್ದಾಗಲೇ ಅಮೃತಾ ಪರೀಕ್ಷಿಸಿ, ಇದು ಸ್ನಾಯು ಸವೆಯುವ ರೋಗ, ಔಷಧವಿಲ್ಲ ಎಂದಿದ್ದರು. ಅವಳನ್ನೂ ಅವಳ ಸೋದರತ್ತೆಯ ಮಗ ನಾರಪ್ಪನನ್ನೂ ಇತರ ರೋಗಿಗಳೊಂದಿಗೆ ಸೇರಿಸಿ ಒಂದು ಲೇಖನವನ್ನೂ ಬರೆದಿದ್ದರು. ಬೆಂಗಳೂರಿನಲ್ಲಿ ಕೆಲಸ ಮಾಡುವ ಅಮೃತಾ ತಿಂಗಳಿಗೊಂದು ಭಾನುವಾರ ತಮ್ಮೂರು ಹಿಂದೂಪುರಕ್ಕೆ ಬಂದು ಮಧ್ಯಾಹ್ನದವರೆಗೆ ಮನೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು.

ಅಂಥ ಒಂದು ಭಾನುವಾರ ಶ್ರೀವಾಣಿಯ ತಾಯಿ ಮುನಿಯಕ್ಕ ಮಗಳನ್ನು ಭೀಮೇಶನ ಜೀಪಿನಲ್ಲೇ ಹಿಂದೂಪುರಕ್ಕೆ ಕರೆತಂದಳು. ಅಮೃತಾ ನೆಲದ ಮೇಲೆ ಕೂರಿಸಿ ಎದ್ದು ನಿಲ್ಲು ಎಂದಾಗ ಶ್ರೀವಾಣಿ ತೊಡೆಗೆ ಕೈಯೂರಿದರೂ ಸಲೀಸಾಗಿಯೇ ಎದ್ದಳು.

"ಹೋದ ವರ್ಷಕ್ಕಿಂತ ಏನೂ ಜಾಸ್ತಿಯಾಗಿಲ್ಲ," ಎಂದರು ಡಾಕ್ಟರ್.

ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಭೀಮೇಶನಿಗೆ ತಡೆಯಲಾಗಲಿಲ್ಲ. "ಡಾಕ್ಟ್ರಮ್ಮ, ಈಗ್ ನೋಡಿದ್ರೆ ಏನ್ ಗೊತ್ತಾಯ್ತದೆ? ಸಾಯಂಕಾಲ ನಮ್ ಜೀಪ್ ತಾವ ಬಂದು ನೋಡ್ಬೇಕು."

"ಸುಮ್ಕಿರಪ್ಪ!" ಎಂದು ಮುನಿಯಕ್ಕ ಗದರಿದಳು. ಅಮೃತಾ ಮಾತ್ರ ಪೆನ್ನು ಕೆಳಗಿಟ್ಟರು. "ಇರಲಿ ಬಿಡಮ್ಮ. ನೀವು ಹೇಳಿ, ಸಾಯಂಕಾಲ ಏನಾಗುತ್ತೆ?"

"ಕಾಲು ಎತ್ತಕ್ಕೇ ಆಗಲ್ಲ ಕಣಮ್ಮ. ಇವಳೊಬ್ಬಳೇ ಅಲ್ಲ, ನಾರಪ್ಪನೂ ಹಂಗೇ. ಒಂದಿನ ರಜ ಹಾಕಿ ಮನೇಲಿದ್ದು ಬಂದ್ರೆ ತಾನೇ ಹತ್ತಿ ಕೂತ್ಬುಡ್ತಾನೆ. ಶನಿವಾರ ಸಾಯಂಕಾಲ ನಾನೇ ಎತ್ತಿ ಕೂರಿಸ್ಬೇಕು."

ಸ್ನಾಯು ಸವೆಯುವ ರೋಗ ದಿನದಿನಕ್ಕೆ ಹೀಗೆ ಏರಿಳಿಯುವುದಿಲ್ಲ. ಅಮೃತಾ ಶ್ರೀವಾಣಿಯನ್ನು ಮಧ್ಯಾಹ್ನ ಮತ್ತೆ ಕರೆದು, ಮನೆಯ ಮೆಟ್ಟಿಲನ್ನು ಹತ್ತಿಸಿ ಇಳಿಸಿದರು. ಐದನೇ ಸಲಕ್ಕೆ ಅವಳು ಅರ್ಧದಲ್ಲೇ ಕುಳಿತುಬಿಟ್ಟಳು. ಆರು ವರ್ಷಗಳಿಂದ ತಾವು ಅವಳನ್ನು ನೋಡಿದ್ದು ಬೆಳಗಿನ ಹೊತ್ತು, ಅದೂ ಜೀಪಿನಲ್ಲಿ ಎರಡು ತಾಸು ಕುಳಿತು ಕಾಲಿಗೆ ವಿಶ್ರಾಂತಿ ಸಿಕ್ಕ ಮೇಲೆ ಎಂಬುದು ಅಮೃತಾಗೆ ಆಗ ಹೊಳೆಯಿತು.

ಬೆಂಗಳೂರಿನಲ್ಲಿ ಅವಳಿಗೂ ನಾರಪ್ಪನಿಗೂ ನರಗಳ ಪರೀಕ್ಷೆ, ರಕ್ತದ ಜೀನ್ ಪರೀಕ್ಷೆ ಆದವು. ದೋಷವಿದ್ದದ್ದು ಸ್ನಾಯುವಿನಲ್ಲಲ್ಲ, ನರದ ಆಜ್ಞೆ ಸ್ನಾಯುವಿಗೆ ತಲುಪುವ ಜಾಗದಲ್ಲಿ. ಹುಟ್ಟಿನಿಂದಲೇ ಬಂದದ್ದು, ಆದರೆ ಇದಕ್ಕೆ ಮಾತ್ರೆಯಿತ್ತು.

ಮಾತ್ರೆ ಶುರುವಾದ ಮೂರನೇ ವಾರದ ಒಂದು ಸಂಜೆ, ಭೀಮೇಶ ಕೈಕೊಡಲು ಬರುವಷ್ಟರಲ್ಲಿ ಶ್ರೀವಾಣಿ ಜೀಪಿನೊಳಗಿದ್ದಳು.

"ಏನಮ್ಮಾ, ಯಾರು ಎತ್ತಿದ್ದು?"

"ಯಾರೂ ಇಲ್ಲ ಕಣಣ್ಣ."

"ಇಳಿ ಇಳಿ, ಇನ್ನೊಂದ್ಸಲ ಹತ್ತು. ನಾನು ನೋಡ್ಲಿಲ್ಲ!"

ಅವಳು ನಗುತ್ತಾ ಇಳಿದು ಮತ್ತೆ ಹತ್ತಿದಳು. ಹೊತ್ತಾಯ್ತು ಎಂದು ಗೊಣಗುತ್ತಿದ್ದ ಪ್ರಯಾಣಿಕರೆಲ್ಲ ಚಪ್ಪಾಳೆ ತಟ್ಟಿದರು.

ಅಮೃತಾ ಹೊಸ ಲೇಖನಕ್ಕೆ ಕುಳಿತಾಗ ಇಂಥವರು ಇನ್ನೂ ಇರಬಹುದೇ ಎಂದು ಭೀಮೇಶನನ್ನೇ ಕೇಳಿದರು. ಯಾವ ಹಳ್ಳಿಯಲ್ಲಿ ಯಾರು ಹೇಗೆ ಜೀಪು ಹತ್ತುತ್ತಾರೆಂಬುದು ಅವನಿಗೆ ಬಾಯಿಪಾಠ. ಮದುವೆಯ ಕಾರ್ಡೊಂದರ ಹಿಂದೆ ಒಂಬತ್ತು ಹೆಸರು ಬರೆದುಕೊಟ್ಟ. ಅವರಲ್ಲಿ ಆರು ಜನರಿಗೆ ಅದೇ ಕಾಯಿಲೆಯಿತ್ತು. ಆರೂ ಜನ ಸಂಬಂಧದಲ್ಲೇ ಹೆಣ್ಣು ಕೊಟ್ಟು ತಂದ ಒಂದೇ ಮನೆತನದವರು. ಲೇಖಕರ ಪಟ್ಟಿಯಲ್ಲಿ ಅವನ ಹೆಸರೂ ಇರಬೇಕೆಂದು ಅಮೃತಾ ಹಟ ಹಿಡಿದರು. ಪತ್ರಿಕೆಯವರ ಫಾರ್ಮ್ ತುಂಬುವಾಗ ಫೋನ್ ಮಾಡಿ, ನಿಮ್ಮ ಸಂಸ್ಥೆ ಯಾವುದೆಂದು ಬರೆಯಲಿ ಎಂದು ಕೇಳಿದರು.

"ಸಂಸ್ಥೆ ಎಲ್ಲಿಂದ ತರ್ಲಮ್ಮ? ಬಸ್ ಸ್ಟ್ಯಾಂಡು ಅಂತ ಬರ್ಕಳಿ."

ಲೇಖಕರೆಲ್ಲ ಓದಿ ಒಪ್ಪಬೇಕೆಂಬುದು ನಿಯಮ. ಅಮೃತಾ ಕಲ್ಯಾಣದುರ್ಗಕ್ಕೇ ಬಂದು, ಟೈಲರ್ ಅಂಗಡಿಯಲ್ಲಿ ಕುಳಿತು, ಅವನಿಗೆ ಸಾಲು ಸಾಲನ್ನೂ ಕನ್ನಡದಲ್ಲಿ ಹೇಳಿದರು. ಮೆಟ್ಟಿಲು ಹತ್ತಲು ಕಷ್ಟ ಎಂದಷ್ಟೇ ಬರೆದರೆ ಸಾಲದು, ಎಷ್ಟೆತ್ತರ ಅಂತ ಬೇಡವೇ ಎಂದು ಅವನು ತಕರಾರು ತೆಗೆದ. ಶ್ರೀವಾಣಿ ತನ್ನ ಟೇಪು ತಂದು ಜೀಪಿನ ಫುಟ್‌ಬೋರ್ಡು ಅಳೆದಳು. ಆ ಅಳತೆ ಲೇಖನದಲ್ಲಿದೆ.

ಹಿಂದಿನ ಲೇಖನದಲ್ಲಿ ಇಬ್ಬರ ರೋಗವನ್ನು ತಪ್ಪಾಗಿ ಗುರುತಿಸಿದ್ದೆವು ಎಂಬ ಸಾಲು ಬಂದಾಗ ಭೀಮೇಶನ ಮುಖ ಸಣ್ಣದಾಯಿತು. "ಇದನ್ನ ತೆಗ್ದಾಕ್ಬುಡಿ ಡಾಕ್ಟ್ರಮ್ಮ. ನಿಮ್ ಮರ್ಯಾದೆ ಹೋಯ್ತದೆ."

"ಇದನ್ನ ಓದಿ ಇನ್ನೊಬ್ಬ ಡಾಕ್ಟರ್ ಸಾಯಂಕಾಲದ ಹೊತ್ತು ರೋಗಿನ ನೋಡಿದರೆ ಸಾಕು ಭೀಮೇಶ್. ಇರಲಿ."

ಆ ಸಾಲು ಹಾಗೇ ಅಚ್ಚಾಯಿತು.

ಅಂದಿನಿಂದ ಭೀಮೇಶನ ಕಣ್ಣು ಪ್ರಯಾಣಿಕರ ಕಾಲಿನ ಮೇಲೇ. ಮೊನ್ನೆ, ತೊಡೆ ಹಿಡಿದು ಹತ್ತಿದ ಎಂಬ ಒಂದೇ ಕಾರಣಕ್ಕೆ ಕಡಲೆಕಾಯಿ ವ್ಯಾಪಾರಿ ದಾಸಣ್ಣನನ್ನು ಬಲವಂತವಾಗಿ ಹಿಂದೂಪುರಕ್ಕೆ ಕರೆದೊಯ್ದಿದ್ದ. ಅಮೃತಾ ಪೂರ್ತಿ ಪರೀಕ್ಷಿಸಿ, ಬರೀ ಮಂಡಿ ನೋವು ಎಂದರು.

"ನಾನೂ ಅದ್ನೇ ಬಡ್ಕಂಡೆ," ಎಂದ ದಾಸಣ್ಣ ಭೀಮೇಶನ ಕಡೆ ಕೈ ತೋರಿಸಿ, "ಈ ಡಾಕ್ಟ್ರು ಕೇಳ್ಬೇಕಲ್ಲ!"