ನವನೀತನ್ ಬರೆದ ಪಟ್ಟಿ, ನಾನು ಎಳೆದ ಗೀಟು

ಗೇಮ್ ಆಡುವ ಕಂಪ್ಯೂಟರ್ ಬೇಕೆಂದು ಯಾರಾದರೂ ಹೋದರೆ ನವನೀತನ್ ಮೊದಲು ಕೇಳುವುದು ದುಡ್ಡೆಷ್ಟಿದೆ ಎಂದಲ್ಲ. "ನಿಮ್ಮ ಮನೆ ಪಕ್ಕದಲ್ಲಿ ಪವರ್‌ಲೂಮ್ ಓಡ್ತದಾ?" ಎನ್ನುತ್ತಾನೆ. ಕೊಯಮತ್ತೂರಿನ ಹತ್ತಿರದ ನಮ್ಮ ಸೂಲೂರಿನ ಕಡೆ ಪಕ್ಕದಲ್ಲಿ ಮಗ್ಗ ಓಡದ ಮನೆ ಸಿಕ್ಕುವುದು ಕಷ್ಟ. ಅಷ್ಟೂ ಮಗ್ಗ ಒಟ್ಟಿಗೆ ಶುರುವಾದರೆ ಕರೆಂಟು ಕುಗ್ಗುತ್ತದೆ, ಒಟ್ಟಿಗೆ ನಿಂತರೆ ಜಿಗಿಯುತ್ತದೆ. ಅದನ್ನು ತಿಳಿದುಕೊಂಡ ಮೇಲೆ ಯಾವ ಆಟ, ಎಷ್ಟು ದೊಡ್ಡ ಪರದೆ, ಕೋಣೆಗೆ ಕಿಟಕಿ ಇದೆಯೇ ಎಂದೆಲ್ಲ ವಿಚಾರಿಸುತ್ತಾನೆ. ದುಡ್ಡಿನ ಮಾತು ಬರುವುದು ಕಟ್ಟಕಡೆಗೆ, ಅದೂ ಹೆಣ್ಣು ನೋಡಲು ಬಂದವರು ವರದಕ್ಷಿಣೆ ಕೇಳುವಷ್ಟು ಸಂಕೋಚದಿಂದ.

ಅವನ ಊರು ಪೊಳ್ಳಾಚಿ ಹತ್ತಿರದ ನೆಗಮಂ. ಅವನಪ್ಪ ಕುಳಿಮಗ್ಗದಲ್ಲಿ ಕೂತು ನನಗೆ ಸೀರೆ ನೇಯುತ್ತಿದ್ದರು. ನಾನು ನೂಲು ಕೊಟ್ಟು ಸೀರೆ ಪಡೆಯುವ ವ್ಯಾಪಾರಿ. ಆಗ ನವನೀತನ್‌ಗೆ ಜಾಕಾರ್ಡ್ ರಟ್ಟುಗಳಿಗೆ ತೂತು ಹೊಡೆಯುವ ಕೆಲಸ. ಮಗ್ಗದ ಮೇಲೆ ಸಾಲಾಗಿ ತಿರುಗುವ ಆ ರಟ್ಟುಗಳ ತೂತು ನೋಡಿಯೇ ಸೀರೆಯಲ್ಲಿ ಹೂ ಮೂಡಬೇಕು. ಒಂದು ತೂತು ತಪ್ಪಿದರೆ ಒಂದು ಹೂವಲ್ಲ, ಸೀರೆಯುದ್ದಕ್ಕೂ ಎಲ್ಲ ಹೂವೂ ಕುಂಟುತ್ತದೆ. ಆ ಕೆಲಸವನ್ನು ಕಂಪ್ಯೂಟರ್ ಕಿತ್ತುಕೊಂಡಾಗ ಉಳಿದವರು ಅದನ್ನು ಬೈದರು. ಇವನು ಸ್ಕ್ರೂಡ್ರೈವರ್ ತಂದು ಅದನ್ನು ಬಿಚ್ಚಿ ನೋಡಿದ.

ಈಗ ಅವನಿಗೆ ನಲವತ್ತೆರಡು ವರ್ಷ. ಕೊಯಮತ್ತೂರಿನ ಗಾಂಧಿಪುರದ ಸಂದಿಯೊಂದರಲ್ಲಿ, ಮೋಟಾರ್ ರಿಪೇರಿ ಅಂಗಡಿಯ ಮಾಳಿಗೆಯ ಮೇಲೆ ಎರಡು ಮೇಜು, ಮೂರು ಸ್ಟೂಲು ಇಟ್ಟುಕೊಂಡು ಕಂಪ್ಯೂಟರ್ ಜೋಡಿಸುತ್ತಾನೆ. ಹೊರಗೆ ಬೋರ್ಡು ಕೂಡ ಇಲ್ಲ. ಕಾಲೇಜಿನವರು ಒಬ್ಬರಿಂದೊಬ್ಬರು ಕೇಳಿಕೊಂಡು ಬರುತ್ತಾರೆ. ಅವನ ಅನ್ನ ಇರುವುದು ಆ ಒಳ್ಳೆಯ ಮಾತಿನಲ್ಲಿ. ಇದನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ನನ್ನ ಮಗಳು ಸುಗನ್ಯಾ ಎಂಜಿನಿಯರಿಂಗ್ ಎರಡನೇ ವರ್ಷ. ಟ್ಯೂಷನ್ ಹೇಳಿ ಮೂವತ್ತು ಸಾವಿರ ಕೂಡಿಸಿದ್ದಳು. ಉಳಿದ ಮೂವತ್ತೈದು ನಾನು ಕೊಡುತ್ತೇನೆಂದೆ, ಜಮೀನು ದಾನ ಮಾಡುವವನ ಗತ್ತಿನಲ್ಲಿ. ಇಬ್ಬರೂ ನವನೀತನ್ ಬಳಿ ಹೋದೆವು. ಅವನು ಸೀರೆಯ ನಕ್ಷೆ ಬರೆಯುವ ಚೌಕುಳಿ ಕಾಗದವನ್ನೇ ತೆಗೆದ. ಅವನ ಪಟ್ಟಿಗಳೆಲ್ಲ ಈಗಲೂ ಅದರಲ್ಲೇ. ಒಂದು ಭಾಗಕ್ಕೆ ಒಂದು ಸಾಲು.

"ಪ್ರೊಸೆಸರ್ ಎಂಟು ಕೋರ್‌ದು ತಗೊಳ್ಳೋಣ್ವಾ ಚಿಕ್ಕಪ್ಪಾ?" ಎಂದು ಸುಗನ್ಯಾ ಅವನನ್ನು ಕೇಳಿದಳು.

"ಬೇಡ ಕಂದಾ, ಆರು ಸಾಕು. ಆ ದುಡ್ಡ ಗ್ರಾಫಿಕ್ಸ್ ಕಾರ್ಡಿಗೆ ಹಾಕೋಣ. ಆಟ ಓಡ್ಸೋದು ಅದು ತಾನೆ. ರ‍್ಯಾಮ್ ಹದಿನಾರು, ಆದ್ರೆ ಎಂಟೆಂಟರದ್ದು ಎರಡು. ಒಂದು ಕೈಗಿಂತ ಎರಡು ಕೈ ವಾಸಿ."

"ಕ್ಯಾಬಿನೆಟ್?"

"ಗಾಳಿ ಆಡೋ ತಗಡು ಪೆಟ್ಟಿಗೆ ಯಾವ್ದಾದ್ರೂ ಸರಿ. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಕೈ ಬಿಗಿ ಹಿಡೀಬಾರ್ದು. ಐನೂರೈವತ್ತು ವಾಟ್, ಒಳ್ಳೇ ಕಂಪನಿದು. ನಿಮ್ಮ ಊರ ಕರೆಂಟಿಗೆ ಅದಿಲ್ದೆ ಆಗಲ್ಲ."

ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಹದ ಮಾಡಿ ಒಳಗಿನವರಿಗೆಲ್ಲ ಬಡಿಸುವ ಕಬ್ಬಿಣದ ಡಬ್ಬಿ. ಪೆಟ್ಟಿಗೆಯ ತಳದಲ್ಲಿ, ತಗಡಿನ ಮರೆಯಲ್ಲಿ ಕೂರುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ ಎಂದೂ ನವನೀತನ್ ಹೇಳಿದ. ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನೊಳಗಿನ ಸೀರೆ ವ್ಯಾಪಾರಿ ಎದ್ದು ಕೂತ. ನಮ್ಮ ಕಸುಬಿನಲ್ಲಿ ಸೆರಗಿಗೆ ದುಡ್ಡು ಸುರಿಯುತ್ತೇವೆ, ಅಂಚಿಗೂ ಅಷ್ಟೋ ಇಷ್ಟೋ ಹಾಕುತ್ತೇವೆ. ಸೊಂಟದೊಳಗೆ ಸಿಕ್ಕಿಸುವ ತುದಿಗೆ ಮಾತ್ರ ಕಡಿಮೆ ನೂಲು. ಅಲ್ಲಿ ಯಾರು ನೋಡುತ್ತಾರೆ? ಇಪ್ಪತ್ತೆಂಟು ವರ್ಷ ಹೀಗೆ ಬದುಕಿದ್ದೇನೆ, ಒಬ್ಬ ಹೆಂಗಸೂ ಬಂದು ಜಗಳವಾಡಿಲ್ಲ.

ಮರುದಿನ ಒಬ್ಬನೇ ಅಂಗಡಿಗೆ ಹೋದೆ.

"ನವನೀತಾ, ಮೂವತ್ತೈದು ಸಾವಿರ ಕೊಡೋನು ನಾನು. ಮನೆಗೆ ಬಂದ ನೆಂಟರಿಗೆ ಏನಾದ್ರೂ ಕಾಣ್ಬೇಡ್ವಾ? ಗಾಜಿನ ಕ್ಯಾಬಿನೆಟ್ ಹಾಕು. ಬಣ್ಣಬಣ್ಣದ ಲೈಟ್ ತಿರುಗ್ತದಲ್ಲ, ಅದು. ಆ ದುಡ್ಡ ಈ ಡಬ್ಬೀಲಿ ಕಮ್ಮಿ ಮಾಡ್ಕೋ. ಕೆಳಗಿನ ಸಂದೀಲಿ ಸಾವಿರಕ್ಕೇ ಕೊಡ್ತಾನೆ, ನೋಡ್ಕೊಂಡೇ ಬಂದೆ."

"ಅಣ್ಣಾ, ಸೊಂಟದಲ್ಲಿ ಸಿಕ್ಸಿದ ತುದಿ ತಾನೆ ಸೀರೇನ ನಿಲ್ಸೋದು?"

"ನನಗೇ ಸೀರೆ ಪಾಠ ಹೇಳ್ತೀಯಾ?"

"ಪಾಠ ಅಲ್ಲಣ್ಣಾ. ಅದು ಕೆಟ್ರೆ ತಾನೊಂದೇ ಹೋಗಲ್ಲ, ಪಕ್ಕದೋರನ್ನೂ ಎಳ್ಕೊಂಡು ಹೋಗ್ತದೆ."

ಅಲ್ಲಿಗೆ ನಾನು ಬಾಯಿ ಮುಚ್ಚಬಹುದಿತ್ತು. "ನಿಮ್ಮಪ್ಪನಿಗೆ ನೂಲು ಕೊಟ್ಟ ಕೈ ಇದು, ನೆನಪಿರ್ಲಿ" ಎಂದೆ. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಅವನು ಸ್ಕ್ರೂಗಳ ಡಬ್ಬಿಗೆ ಮುಚ್ಚಳ ಹಾಕಿದ. "ಸರಿ ಮೊದಲಾಳಿ" ಎಂದ. ಅವನಪ್ಪ ನನ್ನನ್ನು ಕರೆಯುತ್ತಿದ್ದದ್ದು ಹಾಗೆ, ಯಜಮಾನನೆಂಬ ಅರ್ಥದಲ್ಲಿ. ಇವನು ಸ್ವಂತ ಅಂಗಡಿ ಇಟ್ಟ ದಿನದಿಂದ ಅಣ್ಣಾ ಎನ್ನುತ್ತಿದ್ದ. "ಆದ್ರೆ ಸುಗನ್ಯಾ ಪಾಪಾಗೆ ನೀವೇ ಹೇಳ್ಬೇಕು."

"ಹೇಳ್ತೀನಪ್ಪಾ, ಹೇಳ್ತೀನಿ."

ಪಟ್ಟಿಯ ಆ ಸಾಲಿಗೆ ಗೀಟು ಎಳೆದೆ. ನೂಲಿನ ಚೀಟಿಯಲ್ಲಿ ಏನು ತಿದ್ದಿದರೂ ಪಕ್ಕದಲ್ಲಿ ಮೊದಲಾಳಿಯ ಸಹಿ ಬೀಳಬೇಕು, ಇಲ್ಲದಿದ್ದರೆ ನಾಳೆ ತಪ್ಪು ನೇಕಾರನ ತಲೆಗೆ ಬರುತ್ತದೆ. ನಮ್ಮಲ್ಲಿ ಅದು ಹಳೆಯ ನಿಯಮ. ಕೈ ಅಭ್ಯಾಸಬಲದಿಂದ ಗೀಟಿನ ಪಕ್ಕ ನನ್ನ ಸಹಿಯನ್ನೂ ಹಾಕಿಬಿಟ್ಟಿತು.

ಮಗಳಿಗೆ ಹೇಳಲಿಲ್ಲ. ಕಂಪ್ಯೂಟರ್ ಬಂದ ದಿನ ಅವಳ ಖುಷಿ ಕೆಡಿಸುವುದು ಬೇಡವೆನಿಸಿತು. ಆಮೇಲೆ ಪರೀಕ್ಷೆ ಬಂತು. ಆಮೇಲೆ ಹೇಗೂ ಓಡುತ್ತಿದೆಯಲ್ಲ ಎನಿಸಿತು. ಈ ನಡುವೆ ಬಂದ ನೆಂಟರಿಗೆಲ್ಲ ದೀಪ ಆರಿಸಿ, ಗಾಜಿನೊಳಗೆ ನೀಲಿ ಹಸಿರು ತಿರುಗುವುದನ್ನು ಸೆರಗು ಬಿಡಿಸಿದ ಹಾಗೆ ತೋರಿಸಿದೆ.

ಮೂರು ತಿಂಗಳಾದ ಮೇಲೆ ಒಂದು ಶನಿವಾರ ಮಧ್ಯಾಹ್ನ ಅವಳ ಕಾಲೇಜು ತಂಡಕ್ಕೆ ಆಟದ ಫೈನಲ್. ನಾಲ್ಕು ಮಂದಿ ನಾಲ್ಕು ಮನೆಯಲ್ಲಿ ಕೂತು ಆಡುತ್ತಿದ್ದರು. ಊಟದ ಬಿಡುವು ಮುಗಿದು ಪಕ್ಕದ ಶೆಡ್ಡಿನ ಮಗ್ಗಗಳು ಒಟ್ಟಿಗೆ ಶುರುವಾದವು. ಕರೆಂಟು ಕುಗ್ಗಿ ಮತ್ತೆ ಜಿಗಿಯಿತು, ಕಂಪ್ಯೂಟರ್ ಪಟ್ ಎಂದಿತು. ಪರದೆ ಕಪ್ಪಾಯಿತು, ಸುಟ್ಟ ವಾಸನೆ ಬಂತು. ಇವಳಿಲ್ಲದ ತಂಡ ಐದು ನಿಮಿಷದಲ್ಲಿ ಸೋತಿತು.

ಸುದ್ದಿ ತಿಳಿದು ನವನೀತನ್ ಸಂಜೆಗೇ ಬಂದ. ತಗಡು ಬಿಚ್ಚಿದ. ಡಬ್ಬಿ ಸತ್ತಿತ್ತು, ಅವನು ಹೇಳಿದಂತೆಯೇ ಗ್ರಾಫಿಕ್ಸ್ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು.

"ಇದೇನು ಚಿಕ್ಕಪ್ಪಾ?" ಸುಗನ್ಯಾ ಡಬ್ಬಿಯನ್ನು ಎತ್ತಿ ನೋಡಿದಳು. "ಈ ಕಂಪನಿ ಹೆಸರೇ ನಾನು ಕೇಳಿಲ್ಲ. ಕೈ ಬಿಗಿ ಹಿಡೀಬಾರ್ದು ಅಂದೋರು ನೀವೇ ತಾನೆ?"

"ಗೊತ್ತಿರೋ ಮನುಷ್ಯ ಅಂತ ನಂಬಿದ್ವಲ್ಲಪ್ಪಾ" ಎಂದಳು ನನ್ನ ಹೆಂಡತಿ ಮಲ್ಲಿಗಾ, ಅವನ ಮುಂದೆ ಕಾಫಿ ಕುಕ್ಕಿ.

ಅವನು ನನ್ನ ಕಡೆ ನೋಡಿದ, ಒಂದೇ ಸಲ. ನಾನು ನನ್ನ ಲೋಟದೊಳಗೆ ನೋಡಿದೆ. ಕಾಫಿಯ ನೊರೆಯನ್ನು ಅಷ್ಟು ಶ್ರದ್ಧೆಯಿಂದ ಪರೀಕ್ಷಿಸಿದವನು ಈ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ.

"ಜೋಡಿಸಿದ ಕೈ ನಂದೇ ಪಾಪಾ" ಎಂದ ನವನೀತನ್. "ಕಾರ್ಡು ನಾನೇ ಹಾಕ್ಕೊಡ್ತೀನಿ." ಕಾಫಿ ಮುಟ್ಟದೆ ಹೊರಟುಹೋದ.

ಅಂದೇ ಸುಗನ್ಯಾ ಕಾಲೇಜಿನ ಇನ್ನೂರು ಮಂದಿ ಇರುವ ವಾಟ್ಸ್ಯಾಪ್ ಗುಂಪಿನಲ್ಲಿ ಡಬ್ಬಿಯ ಫೋಟೋ ಹಾಕಿ, ಈ ಅಂಗಡಿಗೆ ಯಾರೂ ಹೋಗಬೇಡಿ ಎಂದು ಬರೆದಳು. ಬರೆದದ್ದನ್ನು ನನಗೆ ಓದಿಯೂ ಹೇಳಿದಳು. "ಸ್ವಲ್ಪ ಖಾರ ಆಯ್ತೇನೋ" ಎಂದೆ. ನನ್ನ ಧೈರ್ಯ ಅಷ್ಟಕ್ಕೇ ಮುಗಿಯಿತು.

ಎರಡು ವಾರ ಸರಿಯಾಗಿ ಊಟ ಸೇರಲಿಲ್ಲ. ಗ್ಯಾಸ್ಟ್ರಿಕ್ ಎಂದು ಮನೆಯಲ್ಲಿ ಜೀರಿಗೆ ನೀರು ಕೊಟ್ಟರು, ಕುಡಿದೆ. ಕೊನೆಗೊಂದು ಬೆಳಗ್ಗೆ ಗಾಂಧಿಪುರಕ್ಕೆ ಹೋದೆ. ಕಾಲೇಜು ತೆರೆಯುವ ತಿಂಗಳು. ಮೆಟ್ಟಿಲವರೆಗೆ ಹುಡುಗರು ನಿಂತಿರಬೇಕಾದ ಹೊತ್ತು. ಮೂರು ಸ್ಟೂಲೂ ಖಾಲಿ. ನವನೀತನ್ ತನ್ನ ಸ್ವಂತ ಕಂಪ್ಯೂಟರನ್ನು ಬಿಚ್ಚಿ ಅದರ ಗ್ರಾಫಿಕ್ಸ್ ಕಾರ್ಡನ್ನು ಬ್ರಷ್‌ನಿಂದ ಒರೆಸುತ್ತಿದ್ದ.

"ಪಾಪಾಗೆ ಕೊಡೋಕೆ" ಎಂದ. "ಹೊಸದು ತರೋಕೆ ಈ ತಿಂಗ್ಳು ಆಗ್ಲಿಲ್ಲ."

ನಾನು ಸ್ಟೂಲಿನ ಮೇಲೆ ಕೂತೆ. "ಆ ಪಟ್ಟಿ ಎಲ್ಲಿ?"

ಮೇಜಿನ ಕೆಳಗಿನ ಫೈಲಿನಿಂದ ತೆಗೆದುಕೊಟ್ಟ. ನನ್ನ ಗೀಟು ಅಲ್ಲೇ ಇತ್ತು, ಪಕ್ಕದಲ್ಲಿ ನನ್ನ ಸಹಿಯೂ ಇತ್ತು.

"ಇದನ್ನ ಅವತ್ತೇ ಯಾಕೋ ತೋರಿಸ್ಲಿಲ್ಲ?"

"ನೀವು ಹೇಳ್ತೀನಿ ಅಂದಿದ್ರಲ್ಲ. ಹೇಳ್ತೀರಿ ಅಂತ ಕಾದೆ."

ಅವನ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನೂ ಎರಡು ಮಾತಾಡಿ ಹಗುರಾಗಬಹುದಿತ್ತು. ಸಿಟ್ಟಿರಲಿಲ್ಲ. ಪಟ್ಟಿಯನ್ನು ಜೇಬಿಗಿಟ್ಟುಕೊಂಡು ಸೂಲೂರು ಬಸ್ಸು ಹತ್ತಿದೆ.

ಮನೆಯಲ್ಲಿ ಅದನ್ನು ಮಗಳ ಮುಂದೆ ಇಟ್ಟೆ. ಅವಳಿಗಿಂತ ಮೊದಲು ಓದಿದವಳು ಮಲ್ಲಿಗಾ. "ಅಯ್ಯೋ ದೇವರೇ, ಆ ಮನುಷ್ಯನ ಮುಂದೆ ಕಾಫಿ ಕುಕ್ಕಿದ್ನಲ್ಲ!" ಎಂದು ತಲೆ ಚಚ್ಚಿಕೊಂಡಳು. ಸುಗನ್ಯಾ ಅದನ್ನು ಎರಡು ಸಲ ಓದಿದಳು. ತನ್ನ ಫೋನನ್ನು ನನ್ನ ಕೈಗಿಟ್ಟಳು.

"ಗುಂಪಿಗೆ ನೀವೇ ಬರೀರಿ ಅಪ್ಪಾ."

ಒಂದೇ ಬೆರಳಿನಲ್ಲಿ ತಮಿಳಿನಲ್ಲಿ ಟೈಪ್ ಮಾಡಿದೆ. 'ಕೆಲವು ಕಾರಣಗಳಿಂದ ಡಬ್ಬಿ ಬದಲಾಗಿತ್ತು' ಎಂದು ಶುರು ಮಾಡಿದರೆ ಅವಳು ಅಳಿಸಿದಳು. "ಡಬ್ಬಿ ತಾನಾಗೇ ಬದಲಾಯ್ತಾ?" 'ಡಬ್ಬಿಯನ್ನು ಬದಲಾಯಿಸಲಾಗಿತ್ತು' ಎಂದೆ. ಅದನ್ನೂ ಅಳಿಸಿದಳು. ಮುಕ್ಕಾಲು ಗಂಟೆಯಾದ ಮೇಲೆ 'ನವನೀತನ್ ಬೇಡವೆಂದರೂ ಕೇಳದೆ, ಲೈಟಿನ ಆಸೆಗೆ ನಾನೇ ಬದಲಾಯಿಸಿದೆ, ನನ್ನ ಮಗಳಿಗೂ ಮುಚ್ಚಿಟ್ಟೆ' ಎಂಬ ವಾಕ್ಯ ಹೊರಬಿತ್ತು. ಪಟ್ಟಿಯ ಫೋಟೋ ಜೊತೆಗೆ ಹೋಯಿತು. ಮೊದಲ ಉತ್ತರ ಅರೆ ನಿಮಿಷದಲ್ಲಿ ಬಂತು: "ಅಂಕಲ್, ಲೈಟ್ ಚೆನ್ನಾಗಿತ್ತಾ?"

ಮುಂದಿನ ಭಾನುವಾರ ಮೂವರೂ ನವನೀತನ್ ಅಂಗಡಿಗೆ ಹೋದೆವು. ಒಂದು ಸ್ಟೂಲಿನ ಮೇಲೆ ಗ್ರಾಹಕಳೊಬ್ಬಳು ಕೂತಿದ್ದಳು. ಒಬ್ಬಳೇ. ಎರಡು ವಾರದಲ್ಲಿ ಹೋದದ್ದು ಒಂದು ವಾರದಲ್ಲಿ ಬರುವುದಿಲ್ಲ. ಮಲ್ಲಿಗಾ ಫ್ಲಾಸ್ಕಿನಲ್ಲಿ ತಂದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಅವನು ಕುಡಿದ. ಅವನ ಕಾರ್ಡು ಅವನ ಕಂಪ್ಯೂಟರಿನಲ್ಲೇ ಉಳಿಯಲಿ, ಹೊಸ ಕಾರ್ಡಿನ ದುಡ್ಡು ನನ್ನದು ಎಂದೆ. ಬೇಡವೆನ್ನಲಿಲ್ಲ.

ಚೌಕುಳಿ ಕಾಗದ ತೆಗೆದು ಹೊಸ ಪಟ್ಟಿ ಬರೆದ. ಕೊನೆಯಲ್ಲಿ ಸಹಿಗೆ ಜಾಗ ಬಿಟ್ಟ. ನಾನು ಜೇಬಿನಿಂದ ಪೆನ್ನು ತೆಗೆದೆ. ಅವನು ಕಾಗದವನ್ನು ಸುಗನ್ಯಾ ಕಡೆ ತಿರುಗಿಸಿದ.

"ಇನ್ಮೇಲೆ ನೀನು ಹಾಕು ಕಂದಾ."

ಪೆನ್ನನ್ನು ಮಗಳಿಗೆ ಕೊಟ್ಟೆ. ಅವನು ಹೊಸ ಎಸ್‌ಎಂಪಿಎಸ್ ತೆಗೆದು ನನ್ನ ಕೈಗಿಟ್ಟ. ಬಟ್ಟೆಯನ್ನು ಅಂಗೈಯಲ್ಲಿ ತೂಗಿಯೇ ನೂಲಿನ ಗುಣ ಹೇಳುವವನು ನಾನು. ಹಳೆಯ ಡಬ್ಬಿಯನ್ನು ಒಮ್ಮೆಯೂ ಎತ್ತಿ ನೋಡಿರಲಿಲ್ಲ. ಇದು ಒಳ್ಳೆಯ ಭಾರವಿತ್ತು.

"ನಾನು ಕೇಳೋವರ್ಗೂ ಹಿಡ್ಕೊಂಡಿರಿ ಮೊದಲಾಳಿ" ಎಂದು ಅವನು ಸ್ಕ್ರೂ ಹುಡುಕತೊಡಗಿದ.

ಮತ್ತೆ ಅಣ್ಣಾ ಎಂದಾನೆಂದು ಕಾಯುತ್ತಾ, ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ.